ಶಜರಾದಲ್ಲಿ ಇಲ್ಲದ ಹೆಸರುಗಳು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಎಂಬ ಊರಿದೆ. ವಿರೂಪಾಕ್ಷ ದೇಗುಲವನ್ನೂ ಕಲ್ಲಿನ ರಥವನ್ನೂ ನೋಡುವ ಆತುರದಲ್ಲಿರುವ ಪ್ರವಾಸಿಗರು ಇಲ್ಲಿ ಇಳಿಯುವುದು ಅಪರೂಪ. ಆದರೆ ಬಹಮನಿ ಶೈಲಿಯ ಗುಮ್ಮಟಗಳುಳ್ಳ ಎರಡು ಹಳೆಯ ಗೋರಿ ಕಟ್ಟಡಗಳು ಇಲ್ಲಿ ಇಂದಿಗೂ ನಿಂತಿವೆ. ವಿಜಯನಗರದ ಅರಸರ ಆಶ್ರಯದಲ್ಲಿ ಬದುಕಿ, ಈ ಮಣ್ಣಿನಲ್ಲೇ ಮಲಗಿದ ಮುಸ್ಲಿಮರ ನೆನಪು ಅವು. ಅಲ್ಲಿಂದ ಮುಂದೆ, ಹಾಳಾದ ರಾಜಧಾನಿಯ ಒಳಗೆ, ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯಿದೆ. ಅಲ್ಲಿಯ ಕನ್ನಡ ಶಾಸನವು ಆ ಕಟ್ಟಡವನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಕಟ್ಟಿಸಿದವನ ಹೆಸರೂ, ಯಾರ ಪುಣ್ಯಕ್ಕಾಗಿ ಕಟ್ಟಿಸಿದನೋ ಆ ಅರಸನ ಹೆಸರೂ ನಮಗೆ ದೊರೆತಿರುವುದು ಆ ಶಾಸನದಿಂದಲೇ. ಆದರೆ ಕಲ್ಲು ಕಡಿದವರು, ಹೊತ್ತವರು, ಬಾವಿ ತೋಡಿದವರು ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ.

ನಮ್ಮ ಮನೆಗಳ ಶಜರಾಗಳೂ ಹೆಚ್ಚುಕಡಿಮೆ ಹೀಗೆಯೇ ಇವೆ. ಹಿರಿಯರು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ ವಂಶಾವಳಿಯ ಹಾಳೆಯಲ್ಲಿ ಖಾಝಿಗಳಿದ್ದಾರೆ, ಖತೀಬರಿದ್ದಾರೆ, ಕಿಲ್ಲೇದಾರರಿದ್ದಾರೆ, ಅರಬ್ ನಾಡಿನಿಂದ ಬಂದರೆಂದು ಹೇಳಲಾಗುವ ಮೂಲಪುರುಷರಿದ್ದಾರೆ. ತಾಯಂದಿರ ಹೆಸರುಗಳು ವಿರಳ. ಆ ಮನೆಗಳಲ್ಲಿ ನೀರು ಹೊತ್ತವರ, ಮಕ್ಕಳಿಗೆ ಹಾಲೂಡಿಸಿದವರ, ಕುದುರೆ ಲಾಯದಲ್ಲಿ ಮಲಗಿದವರ ಹೆಸರುಗಳು ಇಲ್ಲವೇ ಇಲ್ಲ. ವಂಶವನ್ನು ಹುಡುಕುವುದೆಂದರೆ ಕೀರ್ತಿವಂತರನ್ನು ಹುಡುಕುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಇದಕ್ಕೆ ತೀರಾ ಭಿನ್ನವಾದ ಒಂದು ಹುಡುಕಾಟ ಈಚಿನ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಕುಟುಂಬಗಳಲ್ಲಿ ನಡೆಯುತ್ತಿದೆ. ಅಜ್ಜನ ಅಜ್ಜ ಯಾರು, ಅವನ ಮನೆ ಹೇಗೆ ನಡೆಯಿತು ಎಂದು ತಿಳಿಯಲು ಹೊರಟವರು ಜಮೈಕಾ, ಟೊಬೇಗೊ, ಗಯಾನಾಗಳ ಕಬ್ಬಿನ ತೋಟಗಳನ್ನು ತಲುಪುತ್ತಿದ್ದಾರೆ. ಅಲ್ಲಿ ತಮ್ಮ ಪೂರ್ವಿಕರ ಆಸ್ತಿಯೆಂದು ಬರೆಯಲ್ಪಟ್ಟ ಮನುಷ್ಯರ ಪಟ್ಟಿಗಳನ್ನು ಕಾಣುತ್ತಿದ್ದಾರೆ. ತುಂಗಭದ್ರೆಯ ದಂಡೆಯ ನಮಗೂ ಆ ದೂರದ ನಾಡಿನ ಲೆಕ್ಕಪತ್ರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧವಿದೆ. ನಮ್ಮ ಸೀಮೆಯ ಆಧುನಿಕ ಚರಿತ್ರೆಯ ಮೊದಲ ಪುಟಗಳನ್ನು ಬರೆದವರು ಸ್ಕಾಟ್ಲೆಂಡಿನವರೇ.

ಹಂಪಿಯ ಅವಶೇಷಗಳ ಮೊದಲ ನಕ್ಷೆಯನ್ನು 1799ರ ಸುಮಾರಿಗೆ ಸಿದ್ಧಪಡಿಸಿದವನು ಕಾಲಿನ್ ಮೆಕೆಂಝಿ. ಸ್ಕಾಟ್ಲೆಂಡಿನ ವಾಯವ್ಯದಲ್ಲಿರುವ ಲೂಯಿಸ್ ದ್ವೀಪದ ಸ್ಟೋರ್ನೊವೇ ಅವನ ಊರು. ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಮೆಕೆಂಝಿಗೆ ಕನ್ನಡನಾಡಿನ ಇತಿಹಾಸಕಾರರು ಋಣಿಗಳು. ಅವನು ಹುಟ್ಟಿದ ಲೂಯಿಸ್ ದ್ವೀಪವು ಸೀಫೋರ್ತ್ ಮನೆತನದ ಜಮೀನ್ದಾರಿಯಾಗಿತ್ತು. ಮೆಕೆಂಝಿ ನಮ್ಮ ನಾಡಿನಲ್ಲಿ ಸರ್ವೆ ನಡೆಸುತ್ತಿದ್ದ ಕಾಲದಲ್ಲೇ, ಅಂದರೆ 1801ರಲ್ಲಿ, ಆ ಮನೆತನದ ಯಜಮಾನನಾದ ಲಾರ್ಡ್ ಸೀಫೋರ್ತ್ ಬಾರ್ಬಡೋಸ್ ದ್ವೀಪದ ಗವರ್ನರ್ ಆದನು. ದಕ್ಷಿಣ ಅಮೆರಿಕದ ಬರ್ಬೀಸ್‌ನಲ್ಲಿ ಗುಲಾಮರು ದುಡಿಯುವ ತೋಟಗಳೂ ಅವನಿಗಿದ್ದವು. ಒಂದೇ ದ್ವೀಪದ ಒಬ್ಬನು ಪೂರ್ವಕ್ಕೆ ಬಂದು ನಮ್ಮ ಹಾಳು ಗೋಡೆಗಳನ್ನು ಅಳೆದನು, ಇನ್ನೊಬ್ಬನು ಪಶ್ಚಿಮಕ್ಕೆ ಹೋಗಿ ಗುಲಾಮರ ನಾಡನ್ನು ಆಳಿದನು.

ಎರಡನೆಯವನು ಥಾಮಸ್ ಮನ್ರೊ. 1800ರಲ್ಲಿ ಹೈದರಾಬಾದಿನ ನಿಝಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲಗಳೆಂದು ಹೆಸರಾದ ಈ ಪ್ರದೇಶದ ಪ್ರಧಾನ ಕಲೆಕ್ಟರ್ ಆಗಿ ಮನ್ರೊ 1807ರವರೆಗೆ ಆಡಳಿತ ನಡೆಸಿದನು. ಹೊಸಪೇಟೆ, ಕಂಪ್ಲಿಗಳು ಅವನ ಅಧಿಕಾರಕ್ಕೆ ಒಳಪಟ್ಟಿದ್ದವು. ಹೊಲಗಳನ್ನು ಅಳೆಸಿ, ಪ್ರತಿಯೊಬ್ಬ ರೈತನ ಹೆಸರಿನಲ್ಲಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಅವನ ಹೆಸರಿನೊಂದಿಗೆ ಸೇರಿಹೋಗಿದೆ. 1817ರಲ್ಲಿ ಸಂಡೂರಿನ ಘೋರ್ಪಡೆ ಅರಸನಿಂದ ಕೋಟೆಯನ್ನು ವಶಪಡಿಸಿಕೊಂಡವನೂ ಅವನೇ, ಮರುವರ್ಷ ಅದು ಆ ಮನೆತನಕ್ಕೇ ಮರಳುವಂತೆ ನೋಡಿಕೊಂಡವನೂ ಅವನೇ. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು ಅವನೊಂದಿಗೆ ಮಾತನಾಡಿದರೆಂಬ ಕಥೆ ಈ ಸೀಮೆಯಲ್ಲಿ ಇಂದಿಗೂ ಪ್ರಚಲಿತವಾಗಿದೆ. ಪರದೇಶದ ಅಧಿಕಾರಿಯೊಬ್ಬನನ್ನು ನಮ್ಮ ಜನ ಇಷ್ಟು ಆದರದಿಂದ ನೆನೆಯುವುದು ವಿರಳ.

ಇಂಥ ಮನ್ರೊ ಭಾರತಕ್ಕೆ ಬರಲು ಕಾರಣವೇನು? ಅವನ ತಂದೆ ಅಲೆಗ್ಸಾಂಡರ್ ಮನ್ರೊ ಗ್ಲಾಸ್ಗೋ ನಗರದ ವರ್ತಕ. ಅವನ ವ್ಯಾಪಾರ ಮುಖ್ಯವಾಗಿ ಅಮೆರಿಕದ ವರ್ಜೀನಿಯಾದೊಂದಿಗೆ ನಡೆಯುತ್ತಿತ್ತು. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದೇ ರಾಜ್ಯವಾದ ಬಳಿಕ ಇಂಗ್ಲಿಷರ ವಸಾಹತುಗಳ ಬಾಗಿಲು ಸ್ಕಾಟರಿಗೂ ತೆರೆಯಿತು. ಬ್ರಿಟನ್ನಿಗೆ ಬರುತ್ತಿದ್ದ ಹೊಗೆಸೊಪ್ಪಿನ ದೊಡ್ಡ ಪಾಲು ಕೆಲವೇ ದಶಕಗಳಲ್ಲಿ ಗ್ಲಾಸ್ಗೋ ವರ್ತಕರ ಕೈ ಸೇರಿತು. ವರ್ಜೀನಿಯಾದಲ್ಲಿ ಆ ಹೊಗೆಸೊಪ್ಪನ್ನು ಬೆಳೆಯುತ್ತಿದ್ದವರು ಆಫ್ರಿಕಾದಿಂದ ಸರಪಳಿ ತೊಡಿಸಿ ತಂದ ಗುಲಾಮರು ಮತ್ತು ಗುಲಾಮಗಿರಿಯಲ್ಲೇ ಹುಟ್ಟಿದ ಅವರ ಮಕ್ಕಳು. ಗುಲಾಮರನ್ನು ಹೊತ್ತ ಹಡಗುಗಳು ಸ್ಕಾಟ್ಲೆಂಡಿನ ಬಂದರುಗಳಿಂದ ನೇರವಾಗಿ ಹೊರಟದ್ದು ಕಡಿಮೆ. ಆದರೆ ಗುಲಾಮರ ದುಡಿಮೆಯ ಲಾಭ ಅಲ್ಲಿಗೆ ಧಾರಾಳವಾಗಿ ಹರಿದು ಬಂತು. ಗ್ಲಾಸ್ಗೋದ ಬೀದಿಗಳು ಇಂದಿಗೂ ಅದನ್ನು ಮರೆಮಾಚಿಲ್ಲ. ವರ್ಜೀನಿಯಾ ಬೀದಿ, ಜಮೈಕಾ ಬೀದಿ, ಹೊಗೆಸೊಪ್ಪಿನ ಸಾಹುಕಾರರ ಹೆಸರಿನ ಬ್ಯುಕನನ್ ಬೀದಿ, ಗ್ಲಾಸ್‌ಫರ್ಡ್ ಬೀದಿ ಈಗಲೂ ಇವೆ.

1761ರಲ್ಲಿ ಹುಟ್ಟಿದ ಥಾಮಸ್ ಮನ್ರೊ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ, ವೆಸ್ಟ್ ಇಂಡೀಸ್ ವ್ಯಾಪಾರದಲ್ಲಿ ತೊಡಗಿದ್ದ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. ವರ್ಜೀನಿಯಾದಿಂದ ಬರಬೇಕಾದ ಹಣ ನಿಂತು ತಂದೆಯ ವ್ಯಾಪಾರ ಕುಸಿಯಿತು. ಮಗನಿಗೆ ಕಂಪೆನಿಯ ಸೈನ್ಯದ ಉದ್ಯೋಗವೇ ಗತಿಯಾಯಿತು. 1780ರಲ್ಲಿ ಅವನು ಮದರಾಸಿಗೆ ಬಂದಿಳಿದನು, ಹೈದರ್ ಅಲಿಯ ವಿರುದ್ಧದ ಯುದ್ಧದಲ್ಲಿ ಭಾಗವಹಿಸಿದನು, ಮುಂದೆ ಇಪ್ಪತ್ತು ವರ್ಷಗಳಲ್ಲಿ ನಮ್ಮ ಸೀಮೆಯ ಕಲೆಕ್ಟರ್ ಆದನು. ಅಂದರೆ ಅವನ ಬಾಲ್ಯದ ಅನ್ನ, ವಿದ್ಯೆ, ನಡೆನುಡಿಗಳ ಹಿಂದೆ ವರ್ಜೀನಿಯಾದ ಹೊಲಗಳಲ್ಲಿ ಕೂಲಿಯಿಲ್ಲದೆ ದುಡಿದವರ ಬೆವರಿದೆ. ಈ ಮಾತಿನಿಂದ ಮನ್ರೊನನ್ನು ಗುಲಾಮರ ಒಡೆಯನೆಂದು ಕರೆದಂತಾಗುವುದಿಲ್ಲ, ಅವನು ನಮ್ಮ ರೈತರಿಗೆ ಮಾಡಿದ ಒಳಿತೂ ಸುಳ್ಳಾಗುವುದಿಲ್ಲ. ಆದರೆ ಅವನ ಶಜರಾವನ್ನು ಪೂರ್ತಿಯಾಗಿ ಬರೆಯಬೇಕೆಂದರೆ ಆ ಹೊಲಗಳಿಗೂ ಅದರಲ್ಲಿ ಸ್ಥಳ ಕೊಡಬೇಕಾಗುತ್ತದೆ. ಬಳ್ಳಾರಿ ಸೀಮೆಯ ಪ್ರತಿಯೊಬ್ಬ ರೈತನ ಹೆಸರನ್ನೂ ದಫ್ತರದಲ್ಲಿ ಬರೆಸಿದ ಅಧಿಕಾರಿಯನ್ನು ಸಾಕಿ ಬೆಳೆಸಿದ ಸಂಪತ್ತು, ಹೆಸರಿಲ್ಲದ ಜನರಿಂದ ಬಂದಿತ್ತು.

ಸ್ಕಾಟ್ಲೆಂಡಿನ ಕುಟುಂಬಗಳು ಈ ಸಂಬಂಧಗಳನ್ನು ಕಂಡುಕೊಳ್ಳುವ ಬಗೆಯನ್ನು ಗಮನಿಸಬೇಕು. ಅಲ್ಲಿ 1855ರಿಂದ ಜನನ, ಮರಣ, ವಿವಾಹಗಳ ಸರಕಾರಿ ನೋಂದಣಿಯಿದೆ. ಅದಕ್ಕೂ ಹಿಂದಿನ ಮೂರು ಶತಮಾನಗಳ ಇಗರ್ಜಿ ದಾಖಲೆಗಳೂ ಮರಣಶಾಸನ ಪತ್ರಗಳೂ ಸಾರ್ವಜನಿಕರಿಗೆ ದೊರೆಯುತ್ತವೆ. ಇವುಗಳ ಜೊತೆಗೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಇನ್ನೊಂದು ರಾಶಿ ಕಡತಗಳಿವೆ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾನೂನು ಮಾಡಿತು. ಅದರೊಂದಿಗೆ ಎರಡು ಕೋಟಿ ಪೌಂಡ್ ಪರಿಹಾರವನ್ನೂ ಮಂಜೂರು ಮಾಡಿತು. ಆ ಪರಿಹಾರ ಸಂದದ್ದು ಗುಲಾಮರಿಗಲ್ಲ, ಒಡೆಯರಿಗೆ! ಸುಮಾರು ಎಂಟು ಲಕ್ಷ ಮನುಷ್ಯರ ಬೆಲೆ ಕಟ್ಟಿ, ಅವರ ಒಡೆತನವನ್ನು ಸಾಬೀತುಪಡಿಸಿದವರಿಗೆ ಹಣ ಹಂಚಲಾಯಿತು. ಅದಕ್ಕಾಗಿ ಮಾಡಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಬಿಡುಗಡೆಯಾದವರು ಮಾತ್ರ 1838ರವರೆಗೆ ಹಳೆಯ ಒಡೆಯರ ಬಳಿಯಲ್ಲೇ ಬಲವಂತದ ದುಡಿಮೆ ಮಾಡಬೇಕಾಯಿತು.

ಹಣ ಬೇಡಿದವರು ಅರ್ಜಿ ಹಾಕಲೇಬೇಕಾಗಿತ್ತು. ಆದ್ದರಿಂದ ಒಡೆಯರ ಹೆಸರು, ಊರು, ಪಡೆದ ಮೊತ್ತ ಎಲ್ಲವೂ ಕಡತ ಸೇರಿದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇತಿಹಾಸಕಾರರು ಈ ಅರ್ಜಿಗಳನ್ನು ಒಂದೊಂದಾಗಿ ಓದಿ 2013ರಿಂದ ಎಲ್ಲರೂ ನೋಡುವಂತೆ ಮಾಡಿದರು. ತೋಟಗಳ ಗುಲಾಮರ ನೋಂದಣಿ ಪುಸ್ತಕಗಳೂ ಉಳಿದಿವೆ. ಒಡೆಯನ ಹೆಸರಿನ ಜೊತೆಗೆ ಬಿರುದು, ಮನೆತನ, ಜಮೀನುಗಳ ವಿವರವಿರುವಲ್ಲಿ ಗುಲಾಮನಿಗೆ ಹಲವು ವೇಳೆ ಒಂದೇ ಹೆಸರು, ಒಂದು ವಯಸ್ಸು, ಅಷ್ಟೆ. ಆ ಒಂದು ಹೆಸರೂ ಅನೇಕ ಸಲ ಒಡೆಯನೇ ಇಟ್ಟದ್ದು.

ಹೀಗೆ ಹುಡುಕಿದವರಲ್ಲಿ ಅಲೆಕ್ಸ್ ರೆಂಟನ್ ಎಂಬ ಪತ್ರಕರ್ತರೊಬ್ಬರು. ಸ್ಕಾಟ್ಲೆಂಡಿನ ಕಿಲ್ಕೆರನ್ ಎಂಬಲ್ಲಿಯ ಫರ್ಗ್ಯುಸನ್ ಮನೆತನ ಅವರ ತಾಯಿಯ ಕಡೆಯದು. ಆ ಮನೆಯಲ್ಲಿ ತಲೆಮಾರುಗಳಿಂದ ಜೋಪಾನವಾಗಿದ್ದ ಪತ್ರಗಳನ್ನು ಓದಿ, ಜಮೈಕಾ ಮತ್ತು ಟೊಬೇಗೊಗಳಲ್ಲಿ ತಮ್ಮ ಪೂರ್ವಿಕರಿಗಿದ್ದ ತೋಟಗಳ ಕಥೆಯನ್ನು ಅವರು 2021ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಈ ಮನೆತನದ ಹೆಸರು ಕನ್ನಡಿಗರಿಗೆ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳು ಬಾಂಬೆ ಪ್ರಾಂತದಲ್ಲಿದ್ದಾಗ, 1880ರಿಂದ 1885ರವರೆಗೆ ಆ ಪ್ರಾಂತದ ಗವರ್ನರ್ ಆಗಿದ್ದವನು ಕಿಲ್ಕೆರನ್ನಿನ ಸರ್ ಜೇಮ್ಸ್ ಫರ್ಗ್ಯುಸನ್. ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಅವನ ಹೆಸರೇ ಇದೆ. ನಮ್ಮ ವರಕವಿ ದ. ರಾ. ಬೇಂದ್ರೆಯವರು ಓದಿದ್ದು ಅಲ್ಲಿಯೇ. ಪೂರ್ವಿಕರ ತೋಟಗಳಿದ್ದ ಅದೇ ಜಮೈಕಾದಲ್ಲಿ, 1907ರ ಭೂಕಂಪದಲ್ಲಿ ಸರ್ ಜೇಮ್ಸ್ ಸತ್ತನು. ಕಾಲೇಜಿನ ಹೆಸರಿಗೂ ಕಬ್ಬಿನ ತೋಟಕ್ಕೂ ಇರುವ ದೂರ ಒಂದೇ ಮನೆತನದ ಎರಡು ತಲೆಮಾರುಗಳ ನಡುವೆ ಮಾಯವಾಗಬಲ್ಲದು ಎಂಬುದನ್ನು ಇದು ತೋರಿಸುತ್ತದೆ.

ಇನ್ನೂ ಹತ್ತಿರದ ನಿದರ್ಶನವೊಂದಿದೆ. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷನಾಗಿ 1889ರಲ್ಲಿಯೂ 1910ರಲ್ಲಿಯೂ ಆಯ್ಕೆಯಾದ ಸರ್ ವಿಲಿಯಂ ವೆಡ್ಡರ್‌ಬರ್ನ್ ಅವರನ್ನು ನಾವು ಶಾಲಾ ಪುಸ್ತಕಗಳಲ್ಲಿ ಓದಿದ್ದೇವೆ. 1860ರಲ್ಲಿ ಭಾರತಕ್ಕೆ ಬಂದ ಅವರು ಸಹಾಯಕ ಕಲೆಕ್ಟರ್ ಆಗಿ ಕೆಲಸ ಆರಂಭಿಸಿದ್ದು ಧಾರವಾಡದಲ್ಲಿ. ರೈತರ ಸಾಲದ ಹೊರೆಯನ್ನು ತಗ್ಗಿಸಲು ದುಡಿದವರು, ಹಿಂದೂ ಮುಸ್ಲಿಮರ ನಡುವೆ ಸಾಮರಸ್ಯ ತರಲು ಇಳಿವಯಸ್ಸಿನಲ್ಲಿಯೂ ಭಾರತಕ್ಕೆ ಬಂದವರು ಅವರು. ಈ ಸಜ್ಜನರ ತಾತ ಜಾನ್ ವೆಡ್ಡರ್‌ಬರ್ನ್ ಜಮೈಕಾದ ತೋಟಗಳಲ್ಲಿ ಸಂಪತ್ತು ಗಳಿಸಿ ಸ್ಕಾಟ್ಲೆಂಡಿನ ಬ್ಯಾಲಿಂಡೀನ್‌ನಲ್ಲಿ ನೆಲೆಸಿದವನು. ಬರುವಾಗ ತನ್ನೊಂದಿಗೆ ಜೋಸೆಫ್ ನೈಟ್ ಎಂಬ ತರುಣ ಗುಲಾಮನನ್ನು ಕರೆತಂದನು. ಆಫ್ರಿಕಾದಲ್ಲಿ ಹುಟ್ಟಿದ ಆ ತರುಣನಿಗೆ ತನ್ನ ತಂದೆಯ ಹೆಸರೂ ಉಳಿದಿರಲಿಲ್ಲ. ನೈಟ್ ಎಂಬುದು ಅವನನ್ನು ಹೊತ್ತು ತಂದ ಹಡಗಿನ ಕಪ್ತಾನನ ಹೆಸರು. ಜೋಸೆಫ್ ಅದೇ ಮನೆಯ ಸೇವಕಿಯೊಬ್ಬಳನ್ನು ಮದುವೆಯಾದನು, ಬಿಡುಗಡೆ ಬಯಸಿದನು, ಒಡೆಯ ಒಪ್ಪದಿದ್ದಾಗ ನ್ಯಾಯಾಲಯಕ್ಕೆ ಹೋದನು. ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯವು 1778ರಲ್ಲಿ ಅವನ ಪರವಾಗಿ ತೀರ್ಪಿತ್ತು, ಸ್ಕಾಟ್ಲೆಂಡಿನ ಕಾನೂನು ಗುಲಾಮಗಿರಿಯನ್ನು ಮಾನ್ಯ ಮಾಡುವುದಿಲ್ಲವೆಂದು ಸಾರಿತು.

ಜಾನ್‌ನ ತಮ್ಮ ಜೇಮ್ಸ್ ವೆಡ್ಡರ್‌ಬರ್ನ್ ಕೂಡ ಜಮೈಕಾದಲ್ಲಿದ್ದನು. ಅವನ ಗುಲಾಮಳಾಗಿದ್ದ ರೊಸಾನಾ ಎಂಬ ಹೆಣ್ಣುಮಗಳಲ್ಲಿ ಅವನಿಗೆ ರಾಬರ್ಟ್ ಎಂಬ ಮಗ ಹುಟ್ಟಿದನು. ರೊಸಾನಾ ಗರ್ಭಿಣಿಯಾಗಿದ್ದಾಗಲೇ ಅವಳನ್ನು ಬೇರೆಯವರಿಗೆ ಮಾರಲಾಗಿತ್ತು. ಹುಟ್ಟುವ ಮಗು ಸ್ವತಂತ್ರ ಎಂಬುದೊಂದೇ ಶರತ್ತು. ಬೆಳೆದು ದೊಡ್ಡವನಾದ ರಾಬರ್ಟ್ ಬ್ರಿಟನ್ನಿಗೆ ಬಂದು, ಬಡತನದಲ್ಲಿ ನೊಂದು, ಸ್ಕಾಟ್ಲೆಂಡಿನ ಇನ್ವರೆಸ್ಕ್‌ನಲ್ಲಿದ್ದ ತಂದೆಯ ಮನೆಯ ಬಾಗಿಲಿಗೆ ಹೋದನು. ತಂದೆ ಅವನನ್ನು ಮಗನೆಂದು ಒಪ್ಪದೆ ಹಿಂದಕ್ಕೆ ಕಳುಹಿಸಿದನು. ರಾಬರ್ಟ್ ವೆಡ್ಡರ್‌ಬರ್ನ್ ಗುಲಾಮಗಿರಿಯ ವಿರುದ್ಧ ಲಂಡನ್ನಿನ ಬೀದಿಗಳಲ್ಲಿ ಮಾತನಾಡಿದನು, ಸೆರೆಮನೆ ಕಂಡನು, 1824ರಲ್ಲಿ ತನ್ನ ಹುಟ್ಟಿನ ಕಥೆಯನ್ನು ತಾನೇ ಅಚ್ಚು ಹಾಕಿಸಿದನು. ಕಾಂಗ್ರೆಸ್ಸಿನ ಅಧ್ಯಕ್ಷರಿಗೂ ಈ ರಾಬರ್ಟ್‌ನಿಗೂ ಇರುವುದು ಒಂದೇ ರಕ್ತ, ಒಂದೇ ಮನೆತನ. ಮನೆತನದ ಮರದಲ್ಲಿ ಒಬ್ಬರಿಗೆ ಕೊಂಬೆ ದೊರೆಯಿತು, ಇನ್ನೊಬ್ಬನನ್ನು ಬಾಗಿಲಿನಿಂದ ಅಟ್ಟಲಾಯಿತು.

ಮೂರನೆಯ ನಿದರ್ಶನವು ಆಫ್ರಿಕನ್ನರ ಕಥೆಯನ್ನು ಭಾರತೀಯರ ಕಥೆಯೊಂದಿಗೆ ಕಟ್ಟಿಹಾಕುತ್ತದೆ. ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಹುಟ್ಟಿದ ಜಾನ್ ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್‌ನ ತಂದೆ. ಇಂದಿನ ಗಯಾನಾ ದೇಶದ ಡೆಮೆರಾರಾದಲ್ಲಿ ಅವನಿಗೆ ದೊಡ್ಡ ತೋಟಗಳಿದ್ದವು. 1823ರಲ್ಲಿ ಅಲ್ಲಿ ಸಾವಿರಾರು ಗುಲಾಮರು ದಂಗೆಯೆದ್ದರು. ಮುಂಚೂಣಿಯಲ್ಲಿದ್ದವರು ಗ್ಲಾಡ್‌ಸ್ಟನ್‌ನ ತೋಟದ ಕ್ವಾಮಿನಾ ಮತ್ತು ಅವನ ಮಗ ಜ್ಯಾಕ್. ಇತಿಹಾಸದಲ್ಲಿ ಈ ಮಗನನ್ನು ಜ್ಯಾಕ್ ಗ್ಲಾಡ್‌ಸ್ಟನ್ ಎಂದೇ ಕರೆಯಲಾಗುತ್ತದೆ. ತಂದೆ ಕಣ್ಣೆದುರಿಗಿದ್ದರೂ ಮಗನಿಗೆ ಅಂಟಿದ್ದು ಒಡೆಯನ ಹೆಸರು. ದಂಗೆಯನ್ನು ರಕ್ತದಲ್ಲಿ ಮುಳುಗಿಸಲಾಯಿತು. ಹತ್ತು ವರ್ಷಗಳ ಬಳಿಕ ಕಾನೂನು ಬಂದಾಗ 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕದಲ್ಲಿ ಜಾನ್ ಗ್ಲಾಡ್‌ಸ್ಟನ್‌ನಿಗೆ ಒಂದು ಲಕ್ಷ ಪೌಂಡಿಗೂ ಮಿಕ್ಕಿ ಪರಿಹಾರ ಸಿಕ್ಕಿತು.

ತೋಟಕ್ಕೆ ಇನ್ನು ದುಡಿಯುವವರು ಯಾರು? ಗ್ಲಾಡ್‌ಸ್ಟನ್‌ನ ಕಣ್ಣು ಭಾರತದ ಮೇಲೆ ಬಿತ್ತು. ಅವನ ಬೇಡಿಕೆಯಂತೆ ಕಲ್ಕತ್ತೆಯಿಂದ ಕರಾರಿನ ಕೂಲಿಗಳನ್ನು ಹೊತ್ತ ಎರಡು ಹಡಗುಗಳು 1838ರ ಮೇ 5ರಂದು ಗಯಾನಾ ತಲುಪಿದವು. ಆ ಬಳಿಕ ಎಂಟು ದಶಕಗಳ ಕಾಲ ಲಕ್ಷಾಂತರ ಭಾರತೀಯರು ಇದೇ ದಾರಿಯಲ್ಲಿ ಸಮುದ್ರ ದಾಟಿದರು. ಅವರಲ್ಲಿ ಮುಸ್ಲಿಮರೂ ಇದ್ದರು; ಗಯಾನಾ, ಟ್ರಿನಿಡಾಡ್‌ಗಳ ಮಸೀದಿಗಳಿಗೆ ಅಡಿಪಾಯ ಹಾಕಿದವರು ಅವರೇ. ನಮ್ಮ ಬಳ್ಳಾರಿ ಸೀಮೆಯೂ ಸೇರಿದ್ದ ಮದರಾಸ್ ಪ್ರಾಂತದ ಬಂದರಿನಿಂದಲೂ ಮಾರಿಷಸ್, ನಟಾಲ್, ಗಯಾನಾಗಳಿಗೆ ಕೂಲಿಗಳ ಹಡಗುಗಳು ಹೊರಟವು. 2023ರ ಆಗಸ್ಟ್‌ನಲ್ಲಿ ಗ್ಲಾಡ್‌ಸ್ಟನ್ ವಂಶಸ್ಥರು ಗಯಾನಾಕ್ಕೆ ಹೋಗಿ, ಆಫ್ರಿಕನ್ನರ ಗುಲಾಮಗಿರಿಗಾಗಿಯೂ ಭಾರತೀಯರ ಕರಾರು ಕೂಲಿಗಾಗಿಯೂ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಅಲ್ಲಿಯ ವಿಶ್ವವಿದ್ಯಾಲಯದ ಅಧ್ಯಯನ ಸಂಸ್ಥೆಗೆ ಧನ ನೀಡಿದರು. ಮನ್ರೊ ಓದಿದ ಗ್ಲಾಸ್ಗೋ ವಿಶ್ವವಿದ್ಯಾಲಯವೂ ಗುಲಾಮಗಿರಿಯ ಲಾಭದಿಂದ ತನಗೆ ಬಂದ ದಾನಗಳ ಲೆಕ್ಕವನ್ನು 2018ರಲ್ಲಿ ತಾನೇ ಪ್ರಕಟಿಸಿತು. ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದೊಂದಿಗೆ ಎರಡು ಕೋಟಿ ಪೌಂಡುಗಳ ಒಪ್ಪಂದ ಮಾಡಿಕೊಂಡಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇನ್ನೂರು ವರ್ಷಗಳ ಹಿಂದೆ ಅಜ್ಜ ಮಾಡಿದ್ದಕ್ಕೆ ಮೊಮ್ಮಕ್ಕಳು ಏಕೆ ತಲೆ ತಗ್ಗಿಸಬೇಕು? ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರಲಾರನು ಎಂಬುದು ಕುರ್‌ಆನ್ ಮತ್ತೆ ಮತ್ತೆ ಸಾರುವ ತತ್ವ. ಸರ್ ವಿಲಿಯಂ ವೆಡ್ಡರ್‌ಬರ್ನ್ ಅವರನ್ನು ತಾತನ ಅಪರಾಧಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಇದು ನಿಸ್ಸಂದೇಹ. ಆದರೆ ವಾರೀಸು ಹಕ್ಕಿನ ವಿಷಯದಲ್ಲಿ ಅದೇ ಕುರ್‌ಆನ್ ಕಲಿಸುವ ಇನ್ನೊಂದು ನಿಯಮವಿದೆ. ಮೃತನ ಸಾಲ ತೀರಿದ ಬಳಿಕವೇ ಆಸ್ತಿಯ ಹಂಚಿಕೆ. ಮಗನ ಪಾಲು, ಮಗಳ ಪಾಲು, ಪತ್ನಿಯ ಪಾಲು ಎಲ್ಲವೂ ಸಾಲಗಾರನ ಹಕ್ಕಿನ ನಂತರ. ಸಾಲ ತೀರದೆ ಸತ್ತವನ ಜನಾಝಾ ನಮಾಝ್‌ಗೆ ಪ್ರವಾದಿ(ಸ) ನಿಲ್ಲಲು ಹಿಂಜರಿದುದು, ಸಂಗಾತಿಯೊಬ್ಬರು ಆ ಸಾಲದ ಹೊಣೆ ಹೊತ್ತ ಬಳಿಕ ನಿಂತದ್ದು ಹದೀಸ್ ಬಲ್ಲವರಿಗೆ ತಿಳಿದಿದೆ. ಪಾಪಕ್ಕೆ ವಾರೀಸುದಾರರಿಲ್ಲ. ಆದರೆ ಸಾಲಕ್ಕೆ ಆಸ್ತಿಯೇ ಹೊಣೆ. ಆ ಆಸ್ತಿಯನ್ನು ಅನುಭವಿಸುವವನು ಸಾಲಗಾರ ಯಾರೆಂದು ಕೇಳದೆ ಇರಲಾರನು. ಸ್ಕಾಟ್ಲೆಂಡಿನ ಕುಟುಂಬಗಳು ಇಂದು ಮಾಡುತ್ತಿರುವುದು ಇದನ್ನೇ. ತೀರದ ಕೂಲಿಯ ಲೆಕ್ಕವನ್ನು, ಹಂಚಿಕೆ ಆಗಿಹೋದ ಮೇಲಾದರೂ, ತೆರೆದು ನೋಡುತ್ತಿದ್ದಾರೆ.

ಹಾಗಾದರೆ ನಮ್ಮ ಲೆಕ್ಕವೇನು? 1833ರ ಕಾನೂನು ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದ ಪ್ರದೇಶಗಳನ್ನು ಹೊರಗಿಟ್ಟಿತ್ತು. ಭಾರತದಲ್ಲಿ 1843ರ ಕಾಯಿದೆಯು ಗುಲಾಮರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದಷ್ಟೇ ಹೇಳಿತು. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾದದ್ದು 1860ರ ದಂಡ ಸಂಹಿತೆಯಿಂದ. ಇಲ್ಲಿ ಒಡೆಯರಿಗೆ ಪರಿಹಾರ ಕೊಡಲಿಲ್ಲ. ಆದ್ದರಿಂದ ಅರ್ಜಿಗಳಿಲ್ಲ, ಪಟ್ಟಿಗಳಿಲ್ಲ, ಹೆಸರುಗಳೂ ಇಲ್ಲ. ದಾಖಲೆ ಇಲ್ಲವೆಂದ ಮಾತ್ರಕ್ಕೆ ಗುಲಾಮಗಿರಿ ಇರಲಿಲ್ಲವೆಂದು ಅರ್ಥವಲ್ಲ. 1800ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬ್ಯುಕನನ್, ಅವನೂ ಸ್ಕಾಟ್ಲೆಂಡಿನವನೇ, ಕರಾವಳಿಯ ಹೊಲಗಳಲ್ಲಿ ದುಡಿಯುತ್ತಿದ್ದ ಜೀತದ ಜನರನ್ನೂ ಅವರಿಗೆ ಕಟ್ಟಲಾಗುತ್ತಿದ್ದ ಬೆಲೆಯನ್ನೂ ಬರೆದಿಟ್ಟಿದ್ದಾನೆ.

ನಮ್ಮ ದಖ್ಖನ್ ಸುಲ್ತಾನರ ಕಾಲವೂ ಇದಕ್ಕೆ ಹೊರತಲ್ಲ. ಇಥಿಯೋಪಿಯಾದಿಂದ ತಂದ ಹಬ್ಶಿ ಗುಲಾಮರನ್ನು ಅರಬ್ ವರ್ತಕರು ದಖ್ಖನಿಗೆ ಮಾರುತ್ತಿದ್ದರು. ಅವರಲ್ಲಿ ಒಬ್ಬನಾದ ಮಲಿಕ್ ಅಂಬರ್ ಅಹ್ಮದ್‌ನಗರದ ಮುಖ್ಯಮಂತ್ರಿಯಾಗಿ, ಮೊಘಲರನ್ನು ಎದುರಿಸಿ, 1626ರಲ್ಲಿ ತೀರಿಕೊಂಡನು. ಅವನ ಏಳಿಗೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವನಿಗೆ ತಾಯಿತಂದೆ ಇಟ್ಟ ಹೆಸರು ಚಾಪು ಎಂಬುದನ್ನೂ, ಅಂಬರ್ ಎಂಬುದು ಕೊಂಡವನು ಕೊಟ್ಟ ಹೆಸರೆಂಬುದನ್ನೂ ಹೇಳುವುದಿಲ್ಲ. ಒಬ್ಬ ಅಂಬರ್ ಮಂತ್ರಿಯಾದಾಗ ಸಾವಿರಾರು ಮಂದಿ ಲಾಯಗಳಲ್ಲಿ, ಕೋಟೆಯ ಬುರುಜುಗಳಲ್ಲಿ, ಜನಾನಾದ ಬಾಗಿಲುಗಳಲ್ಲಿ ಹೆಸರಿಲ್ಲದೆ ಮುಗಿದುಹೋದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿರುವ ಸಿದ್ದಿಗಳು ಇದೇ ಆಫ್ರಿಕಾ ಮೂಲದವರು. ಅವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ನಮ್ಮ ಧರ್ಮಬಂಧುಗಳೂ ಇದ್ದಾರೆ. 2003ರಲ್ಲಿ ಸರಕಾರವು ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಹಝ್ರತ್ ಬಿಲಾಲ್(ರ) ಅವರ ಹೆಸರನ್ನು ಮಕ್ಕಳಿಗಿಡುವ ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿ ಸಿದ್ದಿ ಮನೆತನದೊಂದಿಗೆ ಸಂಬಂಧ ಬೆಳೆಸಲು ಮುಂದಾಗುತ್ತಾರೆ?

ಗುಲಾಮನ ವಿಮೋಚನೆಯನ್ನು ಮಹಾಪುಣ್ಯವೆಂದ, ಝಕಾತಿನ ಎಂಟು ಬಾಬತ್ತುಗಳಲ್ಲಿ ಒಂದನ್ನು ಅದಕ್ಕಾಗಿ ಇರಿಸಿದ ಧರ್ಮ ನಮ್ಮದು. ಹಾಗಿದ್ದೂ ನಮ್ಮ ವರ್ತಕರೂ ಅಮೀರರೂ ಶತಮಾನಗಳ ಕಾಲ ಮನುಷ್ಯರನ್ನು ಕೊಂಡರು. ಬೋಧನೆಯ ಶ್ರೇಷ್ಠತೆಯನ್ನು ಮುಂದಿಟ್ಟು ಆಚರಣೆಯ ಲೋಪವನ್ನು ಮುಚ್ಚುವುದು ಪ್ರಾಮಾಣಿಕತೆಯಲ್ಲ. ಹಝ್ರತ್ ಝೈದ್(ರ) ಬಾಲ್ಯದಲ್ಲಿ ಅಪಹೃತರಾಗಿ ಗುಲಾಮರಾಗಿ ಮಾರಲ್ಪಟ್ಟವರು. ಪ್ರವಾದಿ(ಸ) ಅವರನ್ನು ಬಿಡುಗಡೆಗೊಳಿಸಿ ಮಗನಂತೆ ಕಂಡರು. ಜನ ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯತೊಡಗಿದರು. ಅದಕ್ಕಿಂತ ದೊಡ್ಡ ಗೌರವ ಯಾವುದಿತ್ತು? ಆದರೂ ದೇವವಾಣಿಯು ಜನರನ್ನು ಅವರವರ ತಂದೆಯ ಹೆಸರಿನಿಂದಲೇ ಕರೆಯಿರೆಂದು ಆದೇಶಿಸಿತು, ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಹೆತ್ತವರ ಹೆಸರು ಮನುಷ್ಯನ ಹಕ್ಕು. ಅದನ್ನು ಕಸಿದುಕೊಳ್ಳುವ ಅಧಿಕಾರ ಅತ್ಯಂತ ಪ್ರೀತಿಯ ಒಡೆಯನಿಗೂ ಇಲ್ಲ. ಜೋಸೆಫ್ ನೈಟ್, ಜ್ಯಾಕ್ ಗ್ಲಾಡ್‌ಸ್ಟನ್, ಅಂಬರ್ ಮುಂತಾದವರಿಂದ ಕಸಿಯಲಾದದ್ದು ಈ ಹಕ್ಕನ್ನೇ.

ಆದ್ದರಿಂದ ಶಜರಾ ಬರೆಯುವ ಕೆಲಸವನ್ನು ನಾವು ಹೊಸದಾಗಿ ಆರಂಭಿಸಬೇಕಾಗಿದೆ. ಇದಕ್ಕೆ ಪಂಡಿತರಾಗಬೇಕಿಲ್ಲ. ಮನೆಯ ಹಿರಿಯರು ಜೀವಂತವಾಗಿರುವಾಗಲೇ ಕೂರಿಸಿಕೊಂಡು ಕೇಳಬೇಕು: ನಾನಿಯ ತಾಯಿಯ ಹೆಸರೇನು, ಎಲ್ಲಿಂದ ಬಂದವರು, ಮನೆಯಲ್ಲಿ ಯಾರು ದುಡಿಯುತ್ತಿದ್ದರು, ಅವರಿಗೆ ಏನು ಕೊಡಲಾಗುತ್ತಿತ್ತು, ಅವರ ಮಕ್ಕಳು ಈಗ ಎಲ್ಲಿದ್ದಾರೆ, ನಮ್ಮ ಹೊಲ ಹಿಂದೆ ಯಾರದಾಗಿತ್ತು. ಇನಾಮು ಪತ್ರಗಳು, ವಕ್ಫ್ ಕಾಗದಗಳು, ನಿಕಾಹ್ ದಫ್ತರಗಳು, ತಾಲೂಕು ಕಚೇರಿಯ ಹಳೆಯ ಕಂದಾಯ ಕಡತಗಳಲ್ಲಿ ಸಿಕ್ಕಷ್ಟನ್ನು ಬರೆದಿಡಬೇಕು. ಮಹಲ್ಲಾದ ಜಮಾಅತ್‌ಗಳು ಖಬರಸ್ತಾನದ ಹೆಸರುಗಳನ್ನು ದಾಖಲಿಸಬೇಕು. ಬರೆಯುವಾಗ ಕೀರ್ತಿ ತರುವ ಹೆಸರನ್ನು ದಪ್ಪಕ್ಷರದಲ್ಲಿಯೂ ಮುಜುಗರ ತರುವ ಹೆಸರನ್ನು ಅಂಚಿನಲ್ಲಿಯೂ ಬರೆಯಬಾರದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಮನೆಯಲ್ಲಿ ತಲೆಮಾರುಗಳ ಕಾಲ ದುಡಿದ ಕುಟುಂಬವೊಂದು ಪತ್ತೆಯಾದರೆ ಅವರ ಮಕ್ಕಳ ಓದಿಗೆ ನೆರವಾಗುವುದು ಉಪಕಾರವೆನಿಸದು, ಅದು ಬಾಕಿ ತೀರಿಸಿದಂತೆ.

ಇಂಥ ಹುಡುಕಾಟದಿಂದ ಮನೆತನದ ಗೌರವ ಕುಂದುತ್ತದೆಯೇ ಎಂಬ ಅಳುಕು ಕೆಲವರಿಗಿರಬಹುದು. ಸ್ಕಾಟ್ಲೆಂಡಿನಲ್ಲಿ ಹಳೆಯ ಪತ್ರಗಳನ್ನು ಸುಟ್ಟುಹಾಕುವ ಬದಲು ತೆರೆದು ತೋರಿಸಿದ ಕುಟುಂಬಗಳ ಮಾನ ಹೋಗಲಿಲ್ಲ. ಅವರ ಮಾತಿಗೆ ತೂಕ ಬಂತು. ಪ್ರತಿಯೊಬ್ಬ ಮನುಷ್ಯನೂ ಒಂದೇ ಗಂಡು ಹೆಣ್ಣಿನ ಸಂತಾನ, ಕುಲಗೋತ್ರಗಳಿರುವುದು ಪರಸ್ಪರ ಗುರುತಿಸಲಿಕ್ಕಾಗಿ ಎಂದು ನಂಬುವ ನಮಗಂತೂ ಹೆದರಲು ಕಾರಣವೇ ಇಲ್ಲ. ಗುರುತಿಸುವುದೆಂದರೆ ಎಲ್ಲರನ್ನೂ ಗುರುತಿಸುವುದು. ಮಗನ ಹೆಸರಿನ ಪಕ್ಕದಲ್ಲಿ ಮಗಳ ಹೆಸರು, ಯಜಮಾನನ ಹೆಸರಿನ ಕೆಳಗೆ ಅವನಿಗಾಗಿ ದುಡಿದವರ ಹೆಸರು ಬರೆದ ದಿನ ನಮ್ಮ ಶಜರಾ ಪೂರ್ಣವಾಗುತ್ತದೆ. ಹೆಸರು ಸಿಗದಿದ್ದಲ್ಲಿ ಆ ಜಾಗವನ್ನು ಖಾಲಿ ಬಿಡೋಣ, ಅಳಿಸಿ ಮುಚ್ಚುವುದು ಬೇಡ. ಇಲ್ಲಿ ಒಬ್ಬರಿದ್ದರು, ಅವರ ಬಾಕಿ ನಮ್ಮ ಮೇಲಿದೆ ಎಂದು ನಮ್ಮ ಮಕ್ಕಳು ಆ ಖಾಲಿ ಜಾಗವನ್ನು ನೋಡಿ ತಿಳಿಯಲಿ.